ಕರೆಂಟ್ ಹೋಗಿ ಬಂದಾಗ ರಾಸ್ಪ್‌ಬೆರಿ ಪೈ ಹೊತ್ತು ಮರೆಯುವುದೇಕೆ?

ಪ್ರಶ್ನೆ: ತೋಟದ ಪಂಪ್‌ಹೌಸ್‌ನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಮೋಟರ್ ಯಾವಾಗ ಓಡಿತು, ಎಷ್ಟು ಹೊತ್ತು ಓಡಿತು ಎಂದು ಬರೆದಿಡುತ್ತಿದ್ದೇನೆ. ಅಲ್ಲಿ ಇಂಟರ್ನೆಟ್ ಇಲ್ಲ. ಕರೆಂಟ್ ನಾಲ್ಕು ಗಂಟೆ ಹೋಗಿ ಬಂದರೆ ಲೆಕ್ಕದಲ್ಲಿ ಆ ನಾಲ್ಕು ಗಂಟೆ ಇರುವುದೇ ಇಲ್ಲ. ಬ್ಯಾಟರಿ ಇರುವ ಗಡಿಯಾರದ ಮಾಡ್ಯೂಲ್ ಹಾಕಿದರೆ ಸರಿಹೋಗುತ್ತದೆಯೇ? ಹಾಕುವುದು ಹೇಗೆ?

ಉತ್ತರ: ಸರಿಹೋಗುತ್ತದೆ. ನಾಲ್ಕು ವೈರ್ ಜೋಡಿಸಿದರೆ ಮಾಡ್ಯೂಲಿನ ಕೆಲಸ ಮುಗಿಯಿತು. ತೊಂದರೆ ಕೊಡುವವು ಬೇರೆ ಎರಡು: ಅಗ್ಗದ ಮಾಡ್ಯೂಲಿನ ಮೇಲೆ ಕೂತಿರುವ ಒಂದು ಪುಟ್ಟ ರೆಸಿಸ್ಟರ್, ಮತ್ತು ಪೈ ಒಳಗೇ ಇರುವ ಒಂದು ಸುಳ್ಳು ಗಡಿಯಾರ.

ಮೊದಲು ಸುಳ್ಳು ಗಡಿಯಾರದ ವಿಷಯ. ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಬ್ಯಾಟರಿ ಇರುತ್ತದಲ್ಲ, ಪೈ 4ರವರೆಗಿನ ಬೋರ್ಡುಗಳಲ್ಲಿ ಅದಿಲ್ಲ. ಅದರ ಬದಲು ಫೇಕ್-ಹೆಚ್‌ಡಬ್ಲ್ಯೂಕ್ಲಾಕ್ ಎಂಬ ಪ್ರೋಗ್ರಾಮ್ ಗಂಟೆಗೊಮ್ಮೆ, ಮತ್ತು ಸರಿಯಾಗಿ ಶಟ್‌ಡೌನ್ ಮಾಡಿದಾಗ, ಆಗಿನ ಸಮಯವನ್ನು ಫೈಲಿಗೆ ಬರೆದಿಡುತ್ತದೆ. ಮತ್ತೆ ಆನ್ ಆದಾಗ ಆ ಫೈಲನ್ನೇ ಓದಿ 'ಈಗ ಇಷ್ಟು ಹೊತ್ತು' ಎನ್ನುತ್ತದೆ. ಮಧ್ಯಾಹ್ನ 2.17ಕ್ಕೆ ಕೊನೆಯ ಸಲ ಬರೆದು, 2.50ಕ್ಕೆ ಕರೆಂಟ್ ಹೋಗಿ, ಸಂಜೆ 6.50ಕ್ಕೆ ಬಂತೆನ್ನಿ. ಪೈ ಎದ್ದಾಗ ಅದರ ಪಾಲಿಗೆ ಇನ್ನೂ 2.17. ಹಾಗಾಗಿ ನಾಲ್ಕು ಗಂಟೆ ಮಾಯವಾಗುವುದಷ್ಟೇ ಅಲ್ಲ, 2.17ರಿಂದ 2.50ರವರೆಗಿನ ಹೊತ್ತು ನಿಮ್ಮ ಲೆಕ್ಕದಲ್ಲಿ ಎರಡು ಸಲ ಬಂದಿರುತ್ತದೆ. ಹಳೆಯ ದಾಖಲೆ ತೆರೆದು ನೋಡಿ, ಸಿಗುತ್ತದೆ.

ಯಾವ ಚಿಪ್ ಕೊಳ್ಳಬೇಕು? ಡಿಎಸ್3231. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಡಿಎಸ್1307 ಇರುವ ಮಾಡ್ಯೂಲ್ ಸಿಗುತ್ತದೆ; ಅದು ಬೇಡ. ಸಮಯ ಎಣಿಸಲು ಅದಕ್ಕೆ ಹೊರಗಿನ ಹರಳು (ಕ್ರಿಸ್ಟಲ್) ಬೇಕು. ಸಾಮಾನ್ಯ ಹರಳಿನ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ತಪ್ಪು ಎಂದರೆ ತಿಂಗಳಿಗೆ ಸುಮಾರು 50 ಸೆಕೆಂಡ್, ಶೀಟ್ ಮಾಡಿನ ಕೆಳಗಿನ ಸೆಕೆಗೆ ಇನ್ನೂ ಹೆಚ್ಚು. ಸಾಲದ್ದಕ್ಕೆ ಅದಕ್ಕೆ 5 ವೋಲ್ಟ್ ಬೇಕು, ಪೈ ಪಿನ್‌ಗಳು ತಾಳುವುದು 3.3 ವೋಲ್ಟ್ ಮಾತ್ರ. ಡಿಎಸ್3231 ಒಳಗೇ ಹರಳು ಇಟ್ಟುಕೊಂಡು, ಉಷ್ಣತೆಯನ್ನು 64 ಸೆಕೆಂಡಿಗೊಮ್ಮೆ ಅಳೆದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿವರೆಗೆ 2 ಪಿಪಿಎಂ, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ನಿಮಿಷ. 40 ದಾಟಿದರೂ 3.5 ಪಿಪಿಎಂ, ವರ್ಷಕ್ಕೆ ಎರಡು ನಿಮಿಷದೊಳಗೆ. ಚಿಪ್ ಮೇಲೆ ಕೊನೆಗೆ 'ಎಂ' ಅಕ್ಷರವಿದ್ದರೆ ಅದು 5 ಪಿಪಿಎಂನ ತಮ್ಮ. ಪಂಪಿನ ಲೆಕ್ಕಕ್ಕೆ ಅದೂ ಸಾಕು.

ಈಗ ಆ ರೆಸಿಸ್ಟರ್. ಎಲ್ಲೆಡೆ ಸಿಗುವ ನೀಲಿ ಮಾಡ್ಯೂಲಿನ ಮೇಲೆ ಜೆಡ್‌ಎಸ್-042 ಎಂದು ಬರೆದಿರುತ್ತದೆ, ಹಿಂಬದಿಯಲ್ಲಿ ಬ್ಯಾಟರಿ ಗೂಡು. ಇದನ್ನು ಮಾಡಿದವರು ಎಲ್‌ಐಆರ್2032 ಎಂಬ ಚಾರ್ಜ್ ಆಗುವ ಬ್ಯಾಟರಿ ಹಾಕುತ್ತಾರೆಂದು ಎಣಿಸಿ, ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮತ್ತು 200 ಓಮ್ ರೆಸಿಸ್ಟರ್ ಮೂಲಕ ಬ್ಯಾಟರಿಗೆ ಕರೆಂಟ್ ಕೊಟ್ಟಿದ್ದಾರೆ. ನಾವು ಹಾಕುವುದು ಅಂಗಡಿಯ ಸಿಆರ್2032. ಅದು ಚಾರ್ಜ್ ಮಾಡುವ ಬ್ಯಾಟರಿಯೇ ಅಲ್ಲ. ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟರೆ ಡಯೋಡ್ ದಾಟಿ 4.3 ವೋಲ್ಟ್‌ನಷ್ಟು ಬ್ಯಾಟರಿಗೆ ತಲುಪುತ್ತದೆ; ಸಿಆರ್2032 ಊದಿಕೊಳ್ಳುತ್ತದೆ, ಸೋರುತ್ತದೆ, ಒಡೆಯಲೂಬಹುದು. ಎಲ್‌ಐಆರ್2032ಕ್ಕೂ ಅದರ ಮಿತಿಯಾದ 4.2 ವೋಲ್ಟ್ ಮೀರುತ್ತದೆ. 3.3 ವೋಲ್ಟ್ ಕೊಟ್ಟರೆ ಬ್ಯಾಟರಿಗೆ ಸಿಗುವುದು 2.7ರ ಆಸುಪಾಸು. ಹೊಸ ಸಿಆರ್2032 ಅದಕ್ಕಿಂತ ಮೇಲಿರುವುದರಿಂದ ಕರೆಂಟ್ ಒಳಗೆ ಹೋಗುವುದಿಲ್ಲ, ಆದರೆ ಬ್ಯಾಟರಿ ಸವೆದು ಕೆಳಗಿಳಿದಾಗ ಹೋಗತೊಡಗುತ್ತದೆ. ಎಲ್‌ಐಆರ್ ಹಾಕಿದರಂತೂ 3.3ರಲ್ಲಿ ಅದು ಎಂದೂ ತುಂಬುವುದಿಲ್ಲ.

ಅದಕ್ಕೇ ನಮ್ಮ ಸಲಹೆ ಒಂದೇ: ಬ್ಯಾಟರಿ ಹಾಕುವ ಮುಂಚೆಯೇ ಆ ರೆಸಿಸ್ಟರ್ ಕಿತ್ತುಬಿಡಿ. ಗಾಜಿನ ಪುಟ್ಟ ಡಯೋಡ್ ಪಕ್ಕದಲ್ಲಿ '201' ಎಂದು ಬರೆದ ಎಳ್ಳಿನಷ್ಟು ಕಪ್ಪು ತುಣುಕು ಅದು. ಸೋಲ್ಡರಿಂಗ್ ಐರನ್ ತುದಿಗೆ ತುಸು ಸೀಸ ಹೆಚ್ಚಾಗಿ ಹಚ್ಚಿ, ಎರಡೂ ತುದಿ ಒಟ್ಟಿಗೆ ಬಿಸಿಯಾಗುವಂತೆ ಒತ್ತಿದರೆ ಜಾರಿ ಬರುತ್ತದೆ. ಆಮೇಲೆ ಸಿಆರ್2032 ಹಾಕಿ. ಡಿಎಸ್3231 ಬ್ಯಾಟರಿಯಿಂದ ಎಳೆಯುವುದು ಹೆಚ್ಚೆಂದರೆ 3 ಮೈಕ್ರೋಆಂಪಿಯರ್. 220 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ಲೆಕ್ಕ ಹಾಕಿದರೆ, ಸತತ ಬ್ಯಾಟರಿಯ ಮೇಲೇ ಓಡಿದರೂ ಎಂಟು ವರ್ಷ. ಕರೆಂಟ್ ಇರುವಾಗ ಬ್ಯಾಟರಿ ಬಳಕೆಯಾಗುವುದೇ ಇಲ್ಲವೆನ್ನಬಹುದು. ಹಾಗಿರುವಾಗ ಚಾರ್ಜ್ ಆಗುವ ಬ್ಯಾಟರಿ ಯಾಕೆ ಬೇಕಿತ್ತೋ!

ಜೋಡಣೆ. ಪೈಯನ್ನು ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು, ಆಮೇಲೆ ವೈರ್ ಹಾಕಿ. ಮಾಡ್ಯೂಲಿನ ವಿಸಿಸಿ ಪೈನ 1ನೇ ಪಿನ್‌ಗೆ (3.3 ವೋಲ್ಟ್), ಎಸ್‌ಡಿಎ 3ಕ್ಕೆ, ಎಸ್‌ಸಿಎಲ್ 5ಕ್ಕೆ, ಗ್ರೌಂಡ್ 6ಕ್ಕೆ. ಉಳಿದ 32ಕೆ, ಎಸ್‌ಕ್ಯೂಡಬ್ಲ್ಯೂ ಎರಡೂ ಖಾಲಿ ಇರಲಿ. 1ನೇ ಪಿನ್ ಪಕ್ಕದ 2ನೆಯದು 5 ವೋಲ್ಟ್. ಕೈತಪ್ಪಿ ಅಲ್ಲಿ ಹಾಕಿದರೆ ಮಾಡ್ಯೂಲಿನ ಪುಲ್‌ಅಪ್ ರೆಸಿಸ್ಟರ್‌ಗಳು ಎಸ್‌ಡಿಎ, ಎಸ್‌ಸಿಎಲ್ ಗೆರೆಗಳನ್ನು 5 ವೋಲ್ಟ್‌ಗೆ ಎಳೆಯುತ್ತವೆ, ಆ ಪೆಟ್ಟು ಪೈ ಪ್ರೊಸೆಸರಿಗೆ. ಬ್ಯಾಟರಿ ಅಂಟಿಸಿಕೊಂಡೇ ಬರುವ ಐದು ಪಿನ್ನಿನ ಪುಟಾಣಿ ಮಾಡ್ಯೂಲ್ ಆದರೆ ವೈರೇ ಬೇಡ, 1, 3, 5, 7, 9ನೇ ಪಿನ್‌ಗಳ ಮೇಲೆ ನೇರ ಕೂರುತ್ತದೆ; ಪ್ಲಸ್ ಗುರುತು 1ರ ಕಡೆ.

ಸಾಫ್ಟ್‌ವೇರ್. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ; 'ಮೈನಸ್-ವೈ' ಎಂದಿರುವಲ್ಲಿ -y ಎಂದು ಹೊಡೆಯಿರಿ, ಉಳಿದವೂ ಹಾಗೆಯೇ. ಇಷ್ಟನ್ನೂ ಪೈ ಮನೆಯಲ್ಲಿ, ಇಂಟರ್ನೆಟ್ ಇರುವ ಕಡೆ ಇದ್ದಾಗಲೇ ಮಾಡಿ ಮುಗಿಸಿ.

ರಾಸ್ಪಿ-ಕಾನ್ಫಿಗ್ ತೆರೆದು ಇಂಟರ್‌ಫೇಸ್ ವಿಭಾಗದಲ್ಲಿ ಐ2ಸಿ (ಎಸ್‌ಡಿಎ, ಎಸ್‌ಸಿಎಲ್ ವೈರ್‌ಗಳಲ್ಲಿ ಚಿಪ್ ಜೊತೆ ಮಾತಾಡುವ ವ್ಯವಸ್ಥೆ) ಆನ್ ಮಾಡಿ. ಆಪ್ಟ್ ಮೂಲಕ ಐ2ಸಿ-ಟೂಲ್ಸ್ ಹಾಕಿಕೊಳ್ಳಿ. 'ಸುಡೋ ಐ2ಸಿಡಿಟೆಕ್ಟ್ ಮೈನಸ್-ವೈ 1' ಎಂದರೆ ಚೌಕಳಿ ಬರುತ್ತದೆ. ಅದರಲ್ಲಿ 68 ಕಾಣಬೇಕು. ನೀಲಿ ಮಾಡ್ಯೂಲಿನಲ್ಲಿ 57 ಕೂಡ ಕಾಣುತ್ತದೆ, ಅದು ಜೊತೆಗಿರುವ ಮೆಮೊರಿ ಚಿಪ್, ಗಾಬರಿ ಬೇಡ. 68 ಬಾರದಿದ್ದರೆ ಎಸ್‌ಡಿಎ, ಎಸ್‌ಸಿಎಲ್ ಅದಲುಬದಲಾಗಿವೆಯೇ ನೋಡಿ.

ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಇದೆ (ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಗಿಂತ ಹಳೆಯದಾದರೆ ನೇರ ಬೂಟ್ ಫೋಲ್ಡರಿನಲ್ಲೇ). ಅದರ ಕೊನೆಗೆ ಒಂದು ಸಾಲು ಸೇರಿಸಿ: ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231. ನಡುವೆ ಎಲ್ಲೂ ಖಾಲಿ ಜಾಗ ಬಿಡಬೇಡಿ. ರೀಬೂಟ್ ಆದ ಮೇಲೆ ಅದೇ ಚೌಕಳಿಯಲ್ಲಿ 68ರ ಜಾಗದಲ್ಲಿ ಎರಡು 'ಯು' ಅಕ್ಷರ ಕಂಡರೆ ಕರ್ನಲ್ (ಲಿನಕ್ಸ್‌ನ ತಿರುಳು) ಚಿಪ್ಪನ್ನು ವಹಿಸಿಕೊಂಡಿದೆ ಎಂದರ್ಥ. 'ಸುಡೋ ಆಪ್ಟ್ ಪರ್ಜ್ ಫೇಕ್-ಹೆಚ್‌ಡಬ್ಲ್ಯೂಕ್ಲಾಕ್' ಎಂದು ಸುಳ್ಳು ಗಡಿಯಾರವನ್ನು ಕಳಿಸಿಬಿಡಿ.

ಸಮಯ ತುಂಬುವ ಮುಂಚೆ 'ಡೇಟ್' ಹೊಡೆದು ಪೈ ಸಮಯ ಸರಿಯಿದೆಯೇ ನೋಡಿ. ತಪ್ಪಿದ್ದರೆ ಆ ತಪ್ಪೇ ಚಿಪ್ಪಿಗೂ ಹೋಗುತ್ತದೆ. ಸರಿಯಿದ್ದರೆ 'ಸುಡೋ ಹೆಚ್‌ಡಬ್ಲ್ಯೂಕ್ಲಾಕ್ ಮೈನಸ್-ಡಬ್ಲ್ಯೂ' ಬರೆಯುತ್ತದೆ, 'ಮೈನಸ್-ಆರ್' ಓದಿ ತೋರಿಸುತ್ತದೆ. ಆಜ್ಞೆಯೇ ಇಲ್ಲ ಎಂದರೆ ಬುಕ್‌ವರ್ಮ್‌ನಲ್ಲಿ ಅದು ಯುಟಿಲ್-ಲಿನಕ್ಸ್-ಎಕ್ಸ್‌ಟ್ರಾ ಎಂಬ ಪೊಟ್ಟಣಕ್ಕೆ ಹೋಗಿದೆ, ಹಾಕಿಕೊಳ್ಳಿ.

'ಟೈಮ್‌ಡೇಟ್‌ಸಿಟಿಎಲ್' ಕೊಟ್ಟಾಗ ಆರ್‌ಟಿಸಿ (ಚಿಪ್ಪಿನ ಗಡಿಯಾರ) ಸಮಯ ಐದೂವರೆ ಗಂಟೆ ಹಿಂದಿರುತ್ತದೆ. ಬಹಳ ಜನ ಇಲ್ಲೇ ಎಡವಿ, ಸರಿಪಡಿಸಲು ಹೋಗಿ ಕೆಡಿಸುತ್ತಾರೆ. ಚಿಪ್ಪಿನಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಇರಬೇಕಾದದ್ದೇ ಕ್ರಮ. ಭಾರತದ ಸಮಯವನ್ನು ಲಿನಕ್ಸ್ ಕೂಡಿಸಿಕೊಳ್ಳುತ್ತದೆ.

ಪರೀಕ್ಷೆಯನ್ನು ಮಾತ್ರ ಇಂಟರ್ನೆಟ್ ಇಲ್ಲದೆಯೇ ಮಾಡಬೇಕು. ವೈಫೈ ಇದ್ದರೆ ಪೈ ನೆಟ್‌ನಿಂದ ಸಮಯ ತಂದುಕೊಂಡುಬಿಡುತ್ತದೆ, ಮಾಡ್ಯೂಲ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ರೂಟರ್ ಆಫ್ ಮಾಡಿ, ಪೈ ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು ಅರ್ಧ ಗಂಟೆ ಬಿಡಿ. ಆನ್ ಮಾಡಿದಾಗ ನಿಮ್ಮ ಮೊಬೈಲಿನ ಸಮಯವೇ ಕಂಡರೆ ಕೆಲಸ ಆಯಿತು. 'ಮೈನಸ್-ಆರ್' ಸರಿಯಾಗಿದ್ದು 'ಡೇಟ್' ಮಾತ್ರ ತಪ್ಪಿದ್ದರೆ, ಲಿಬ್ ಫೋಲ್ಡರಿನ ಯುಡೆವ್ ಒಳಗೆ ಹೆಚ್‌ಡಬ್ಲ್ಯೂಕ್ಲಾಕ್-ಸೆಟ್ ಎಂಬ ಫೈಲ್ ನೋಡಿ. ಸಿಸ್ಟಮ್‌ಡಿ (ಪೈ ಆನ್ ಆದಾಗ ಎಲ್ಲವನ್ನೂ ಶುರುಮಾಡುವ ಪ್ರೋಗ್ರಾಮ್) ಇದ್ದರೆ ಏನೂ ಮಾಡದೆ ಹೊರಬೀಳು ಎನ್ನುವ ಮೂರು ಸಾಲು ಮೇಲುಗಡೆಯೇ ಇವೆ. ಪ್ರತಿಯೊಂದರ ಮುಂದೆ # ಹಾಕಿ. ಚಿಪ್ಪಿನ ಸಮಯವೇ 2000ನೇ ಇಸವಿಗೆ ಹೋಗಿದ್ದರೆ, ಅಥವಾ ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೆಜ್ (dmesg) ಆಜ್ಞೆಯಲ್ಲಿ 'ಸೆಟ್ ಟೈಮ್!' ಎಂದಿದ್ದರೆ, ಬ್ಯಾಟರಿಯಿಂದ ಕರೆಂಟ್ ಸಿಗದೆ ಗಡಿಯಾರ ನಿಂತಿದೆ. ಮಲ್ಟಿಮೀಟರ್ ಹಿಡಿಯಿರಿ, 3 ವೋಲ್ಟ್ ಇದ್ದರೆ ಗೂಡಿನ ತಗಡು ಬ್ಯಾಟರಿಗೆ ತಾಗುತ್ತಿಲ್ಲ.

ಪೈ 5 ಇರುವವರಿಗೆ ಮಾಡ್ಯೂಲ್ ಬೇಡ. ಗಡಿಯಾರ ಬೋರ್ಡಿನಲ್ಲೇ ಇದೆ, ಜೆ5 ಎಂಬ ಎರಡು ಪಿನ್ನಿನ ಸಾಕೆಟ್ಟಿಗೆ ಬ್ಯಾಟರಿ ಸಿಕ್ಕಿಸಿದರಾಯಿತು. ಚಾರ್ಜಿಂಗ್ ಮೊದಲಿಗೆ ಆಫ್ ಇರುತ್ತದೆ. ಚಾರ್ಜ್ ಆಗುವ ಎಂಎಲ್2020 ಹಾಕಿದ್ದರೆ ಮಾತ್ರ ಆನ್ ಮಾಡಿ.

ಮುಂದೆಂದೋ ಬ್ಯಾಟರಿ ಬದಲಿಸುವಾಗ ಪೈ ಆನ್ ಇರಲಿ. ಚಿಪ್ 3.3 ವೋಲ್ಟಿನ ಮೇಲೆ ಓಡುತ್ತಿರುತ್ತದೆ, ಹಳೆಯದು ತೆಗೆದು ಹೊಸದು ಹಾಕುವಷ್ಟರಲ್ಲಿ ಒಂದು ಸೆಕೆಂಡೂ ಕಳೆಯುವುದಿಲ್ಲ.