ಸರಾಸರಿ ಎರಡು ಅಂಕ ಏರಿದೆ, ಟಿ-ಟೆಸ್ಟ್ ಯಾಕೆ ಒಪ್ಪುತ್ತಿಲ್ಲ?

ಪ್ರಶ್ನೆ: ಬಿ.ಇಡಿ. ಕ್ರಿಯಾ ಸಂಶೋಧನೆಗಾಗಿ, ಭಿನ್ನರಾಶಿಯಲ್ಲಿ ಹಿಂದುಳಿದ ಎಂಟು ಮಕ್ಕಳಿಗೆ ಪರಿಹಾರ ಬೋಧನೆ ಮಾಡಿದೆ. ಪಾಠಕ್ಕೆ ಮೊದಲು ಒಂದು ಟೆಸ್ಟ್, ಆಮೇಲೆ ಒಂದು ಟೆಸ್ಟ್. ಸರಾಸರಿ ಎರಡು ಅಂಕ ಏರಿದೆ. ಆದರೆ ಎಕ್ಸೆಲ್‌ನಲ್ಲಿ ಟಿ-ಟೆಸ್ಟ್ ಮಾಡಿದರೆ ವ್ಯತ್ಯಾಸ ಗಣನೀಯ ಅಲ್ಲ ಅಂತ ಬರುತ್ತಿದೆ. ಪಾಠ ಮಾಡಿದ್ದು ದಂಡವಾಯಿತಾ?

ಉತ್ತರ: ಅಷ್ಟು ಬೇಗ ಬೇಸರ ಮಾಡಿಕೊಳ್ಳಬೇಡಿ. ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬಂದಿರಬಹುದೇ ಅಂತ ನೋಡುವ ಲೆಕ್ಕವೇ ಟಿ-ಟೆಸ್ಟ್. ಮೊದಲು ಎಕ್ಸೆಲ್ ಸೂತ್ರದ ಕೊನೆಯ ಅಂಕಿ ನೋಡಿ. ಅಲ್ಲಿ 1 ಇದ್ದರೆ ಜೋಡಿ ಟಿ-ಟೆಸ್ಟ್. 2 ಅಥವಾ 3 ಇದ್ದರೆ ಎರಡು ಬೇರೆ ಬೇರೆ ಗುಂಪುಗಳ ಟೆಸ್ಟ್. ನಿಮ್ಮ ಹತ್ತಿರ ಇರುವುದು ಎರಡು ಗುಂಪಲ್ಲ, ಎರಡು ಸಲ ಪರೀಕ್ಷೆ ಬರೆದ ಅದೇ ಎಂಟು ಮಕ್ಕಳು. ಹಾಗಾಗಿ 1 ಬೇಕು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ತೋರಿಸಲು ನಾನೇ ಕೆಲವು ಅಂಕ ಹಾಕಿಕೊಳ್ಳುತ್ತೇನೆ. 25ಕ್ಕೆ ಮೊದಲ ಟೆಸ್ಟ್: 9, 14, 7, 11, 16, 8, 12, 10. ಅದೇ ಮಕ್ಕಳ ಎರಡನೇ ಟೆಸ್ಟ್: 12, 15, 11, 11, 18, 13, 11, 12. ಇದನ್ನು ಎರಡು ಗುಂಪು ಅಂತ ಲೆಕ್ಕ ಹಾಕಿದರೆ ಟಿ ಬೆಲೆ 1.44. ವ್ಯತ್ಯಾಸ ಗಣನೀಯ ಅನ್ನಲು, ರೂಢಿಯ ಶೇಕಡಾ 5ರ ಮಟ್ಟದಲ್ಲಿ ಅದು 2.145 ದಾಟಬೇಕಿತ್ತು, ದಾಟಲಿಲ್ಲ.

ಈಗ ಪ್ರತಿ ಮಗು ಎಷ್ಟು ಏರಿತು ಅಂತ ಮಾತ್ರ ನೋಡೋಣ: 3, 1, 4, 0, 2, 5, -1, 2. ಸರಾಸರಿ 2, ಮಾನಕ ವಿಚಲನೆ (ಏರಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕೂಡ 2. ಈ 2ನ್ನು 8ರ ವರ್ಗಮೂಲದಿಂದ ಭಾಗಿಸಿದರೆ 0.707. ಸರಾಸರಿ 2ನ್ನು ಅದರಿಂದ ಭಾಗಿಸಿದರೆ ಟಿ ಬೆಲೆ 2.83. ಇಲ್ಲಿ ದಾಟಬೇಕಾದ್ದು 2.365. ದಾಟಿತು!

ಅಂಕ ಒಂದೂ ಬದಲಾಗಿಲ್ಲ. ಬದಲಾಗಿದ್ದು ಇಷ್ಟೇ: 16 ತೆಗೆಯುವ ಮಗು, 7 ತೆಗೆಯುವ ಮಗು ಇಬ್ಬರ ನಡುವೆ ಮೊದಲೇ ಇದ್ದ ಅಂತರ ಜೋಡಿ ಲೆಕ್ಕದಲ್ಲಿ ಕಳೆದುಹೋಗುತ್ತೆ. ಒಂದೊಂದು ಮಗುವನ್ನೂ ಅದರ ಜೊತೆಗೇ ಹೋಲಿಸುತ್ತೀರಿ. ಒಂದು ಎಚ್ಚರಿಕೆ: ಒಂದು ಮಗುವಿನ ಎರಡೂ ಅಂಕ ಒಂದೇ ಸಾಲಿನಲ್ಲಿ ಇರಬೇಕು. ಒಂದು ಕಾಲಂ ಮಾತ್ರ ಸಾರ್ಟ್ ಮಾಡಿದರೆ ಜೋಡಿ ತಪ್ಪಿಹೋಗುತ್ತೆ, ಎಕ್ಸೆಲ್ ಸುಮ್ನೆ ಉತ್ತರ ಕೊಟ್ಟುಬಿಡುತ್ತೆ.

ಎಂಟೇ ಮಕ್ಕಳು ಸಾಕಾ ಅಂತಲೂ ಕೇಳುತ್ತಾರೆ. ಈ ಟೆಸ್ಟ್ ಹುಟ್ಟಿದ್ದೇ ಸಣ್ಣ ಲೆಕ್ಕಗಳಿಗಾಗಿ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಇದನ್ನು ಪ್ರಕಟಿಸಿದರು. ಅವರು ಕೊಟ್ಟ ಉದಾಹರಣೆಯೂ ಜೋಡಿಯದ್ದೇ: ಹತ್ತು ರೋಗಿಗಳು, ಎರಡು ನಿದ್ದೆ ಔಷಧಿ. ಆದರೆ ಎಂಟರಲ್ಲಿ ಒಂದು ಮಗುವಿನ ಅಂಕ ತೀರಾ ಬೇರೆಯಾಗಿದ್ದರೆ ಫಲಿತಾಂಶವೇ ಅಲುಗಾಡುತ್ತೆ. ಏರಿಕೆಗಳನ್ನು ಕಾಗದದ ಮೇಲೆ ಬರೆದು ಒಮ್ಮೆ ಕಣ್ಣಾಡಿಸಿ.

ಇನ್ನು ಪಿ ಬೆಲೆ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 0.025. ಪಾಠ ಫಲಿಸಿರುವ ಸಾಧ್ಯತೆ ಶೇಕಡಾ 97.5 ಅಂತ ದಯವಿಟ್ಟು ಬರೆಯಬೇಡಿ. ನಿಜವಾಗಿ ಏನೂ ಬದಲಾಗಿಲ್ಲ ಅನ್ನುವ ಶೂನ್ಯ ಪ್ರಾಕಲ್ಪನೆ ಸರಿಯಾಗಿದ್ದರೆ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ನೂರರಲ್ಲಿ ಎರಡು-ಮೂರು ಸಲ ಆಕಸ್ಮಿಕವಾಗಿ ಬರಬಹುದು. ಅದರ ಅರ್ಥ ಅಷ್ಟೇ.

ನನಗೆ ಹೆಚ್ಚು ಮುಖ್ಯ ಅನ್ನಿಸುವ ತೊಡಕು ಬೇರೆ ಇದೆ. ಮೊದಲ ಟೆಸ್ಟ್‌ನಲ್ಲಿ ಕಡಿಮೆ ಬಂದವರನ್ನೇ ನೀವು ಆರಿಸಿಕೊಂಡಿದ್ದೀರಾ? ಅವರಲ್ಲಿ ಕೆಲವರಿಗೆ ಅವತ್ತು ಜ್ವರ ಇತ್ತೇನೋ, ಗಾಬರಿ ಆಗಿತ್ತೇನೋ. ಅಂಥವರ ಅಂಕ ಪಾಠ ಇಲ್ಲದೆಯೂ ಎರಡನೇ ಸಲ ಸ್ವಲ್ಪ ಏರುತ್ತೆ. ಅದು ಪಾಠದ ಏರಿಕೆಯೋ, ತಾನಾಗಿ ಆದದ್ದೋ, ಜೋಡಿ ಟಿ-ಟೆಸ್ಟ್‌ಗೆ ಗೊತ್ತಾಗಲ್ಲ. ಸಾಧ್ಯವಾದರೆ ಅಷ್ಟೇ ಹಿಂದುಳಿದ ಇನ್ನೊಂದು ಸೆಕ್ಷನ್ ಮಕ್ಕಳಿಗೂ ಎರಡೂ ಟೆಸ್ಟ್ ಕೊಡಿ. ಆಗ ಈ ಗುಂಪಿನ ಏರಿಕೆಯನ್ನು ಆ ಗುಂಪಿನ ಏರಿಕೆಯ ಜೊತೆ ಹೋಲಿಸಬಹುದು. ಸೂತ್ರದ ಕೊನೆಗೆ 3 ಹಾಕಬೇಕಾದ್ದು ಆಗ. ನಿಮ್ಮ ಅಧ್ಯಯನ ಮುಗಿದ ಮೇಲೆ ಆ ಸೆಕ್ಷನ್‌ಗೂ ಅದೇ ಪಾಠ ಮಾಡಿ, ಆ ಮಕ್ಕಳಿಗೂ ಭಿನ್ನರಾಶಿ ಬರಬೇಕಲ್ವಾ.