ಗೋಡೆ ಕೇಳಿದವರು ಪಾದ್ರಿಗಳೇ

1802ರ ಜನವರಿ 1. ಇನ್ನೂ ಅರ್ಧಂಬರ್ಧ ಕಟ್ಟಿದ್ದ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆಗೆ ಒಂದು ಚೀಸ್ ಬಂತು. ಸುಮಾರು 560 ಕೆ.ಜಿ. ತೂಕದ ಒಂದೇ ಗಟ್ಟಿ! ಮ್ಯಾಸಚೂಸೆಟ್ಸ್‌ನ ಚೆಷರ್ ಊರಿನ ರೈತರು ಮನೆಮನೆಯ ಹಾಲು ಸೇರಿಸಿ, ಸೇಬಿನ ರಸ ಹಿಂಡುವ ಗಾಣದಲ್ಲಿ ಒತ್ತಿ ಮಾಡಿದ್ದು. ಜೆಫರ್ಸನ್‌ನ ವಿರೋಧಿಗಳಾದ ಫೆಡರಲಿಸ್ಟರ ಹಸುವಿನ ಹಾಲು ಒಂದು ತೊಟ್ಟೂ ಬೀಳಬಾರದು ಅಂತ ಕಟ್ಟಪ್ಪಣೆ ಬೇರೆ ಇತ್ತಂತೆ. ತಂದುಕೊಟ್ಟವನು ಜಾನ್ ಲೆಲೆಂಡ್, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಪಾದ್ರಿ. ಇದನ್ನು ಮಾಡಲು ಒಬ್ಬ ಗುಲಾಮನ ಕೈಯೂ ತಾಗಿಲ್ಲ ಅಂತ ಚೆಷರ್‌ನವರು ಹೆಮ್ಮೆಯಿಂದ ಹೇಳಿಕೊಂಡರು. ಕೊಟ್ಟಿದ್ದು ಮಾತ್ರ ನೂರಾರು ಗುಲಾಮರ ಯಜಮಾನನಿಗೆ, ಇರಲಿ.

ಅದೇ ದಿನ ಜೆಫರ್ಸನ್ ಒಂದು ಪತ್ರ ಬರೆದ. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಚರ್ಚಿಗೂ ಸರ್ಕಾರಕ್ಕೂ ನಡುವೆ ಒಂದು ಗೋಡೆ ಇದೆ ಅನ್ನುವ ಮಾತು ಅದರಲ್ಲಿದೆ. ಅಮೆರಿಕದ ಕೋರ್ಟುಗಳಲ್ಲಿ ಇವತ್ತಿಗೂ ಇದರ ಮೇಲೆ ಜಗಳ ನಡೆಯುತ್ತದೆ. ದೇವರನ್ನು ನಂಬದವರು ಹುಟ್ಟಿಸಿದ ಮಾತಿದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಚುನಾವಣೆಯಲ್ಲಿ ನಾಸ್ತಿಕ ಅಂತ ಬೈಸಿಕೊಂಡಿದ್ದ ಜೆಫರ್ಸನ್‌ಗೆ ಚೀಸ್ ಹೊತ್ತು ತಂದವರು ದಿನಾ ಬೈಬಲ್ ಓದುವವರು. ಯಾಕೆ?

ಅದಕ್ಕೆ 1630ರ ಹೊತ್ತಿಗೆ ಹೋಗಬೇಕು. ಇಂಗ್ಲೆಂಡಿನಲ್ಲಿ ರಾಜನ ಚರ್ಚಿನ ಕಾಟ ತಾಳಲಾರದೆ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರು ಹಡಗು ಹತ್ತಿ ಬಾಸ್ಟನ್ ಕಡೆ ಬಂದರು. ಬಂದವರು ಮಾಡಿದ್ದೇನು? ತಮ್ಮದೇ ಚರ್ಚನ್ನು ಎಲ್ಲರ ಮೇಲೆ ಹೇರಿದರು. ಕ್ವೇಕರ್ ಪಂಥದ ಮೇರಿ ಡಯರ್‌ಳನ್ನು 1660ರಲ್ಲಿ ಬಾಸ್ಟನ್‌ನಲ್ಲೇ ಗಲ್ಲಿಗೇರಿಸಿದರು. ಅದಕ್ಕೂ ಮೊದಲು ಇವರ ಕಣ್ಣಿಗೆ ಬಿದ್ದವನು ರೋಜರ್ ವಿಲಿಯಮ್ಸ್. ಆತನೂ ಪಾದ್ರಿಯೇ, ಅವರಿಗಿಂತ ಮಡಿವಂತ ಅಂದರೂ ತಪ್ಪಿಲ್ಲ. ಒತ್ತಾಯದ ಪೂಜೆ ದೇವರಿಗೇ ಅಸಹ್ಯ ಅಂದ, ಇಲ್ಲಿನ ಮೂಲನಿವಾಸಿಗಳ ನೆಲವನ್ನು ದಾನ ಕೊಡೋದಕ್ಕೆ ಇಂಗ್ಲೆಂಡಿನ ರಾಜ ಯಾರು ಅಂತಲೂ ಕೇಳಿಬಿಟ್ಟ. ಸುಮ್ನೆ ಬಿಡ್ತಾರಾ? 1635ರಲ್ಲಿ ಗಡಿಪಾರು. ಕೊರೆಯುವ ಚಳಿಯಲ್ಲಿ ಕಾಡು ಹಾದುಹೋದವನು 1636ರಲ್ಲಿ ನರಗಾನ್ಸೆಟ್ ಎಂಬ ಮೂಲನಿವಾಸಿ ಜನ ಕೊಟ್ಟ ಜಾಗದಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ. ಯಾರು ಯಾವ ದೇವರಿಗಾದರೂ ಕೈ ಮುಗಿಯಲಿ, ಸರ್ಕಾರ ಕೇಳುವಂತಿಲ್ಲ. ಚರ್ಚು ತೋಟ, ಲೋಕ ಕಾಡು, ನಡುವಿನ ಗೋಡೆ ಒಡೆದರೆ ತೋಟವೂ ಕಾಡಾಗುತ್ತದೆ ಅಂತ 1644ರಲ್ಲಿ ಬರೆದ. ಜೆಫರ್ಸನ್‌ಗಿಂತ ಒಂದೂವರೆ ಶತಮಾನ ಮೊದಲು! ಆತನ ಚಿಂತೆಯೆಲ್ಲ ತೋಟದ್ದು.

ನನ್ನ ಪ್ರಕಾರ ಜನಸಾಮಾನ್ಯರಿಗೆ ಇದು ನಾಟಿದ್ದು ತೆರಿಗೆಯಿಂದ. ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಇರುವ ಈಶಾನ್ಯ ಭಾಗ) ಬಹುತೇಕ ಊರುಗಳಲ್ಲಿ ಪಾದ್ರಿಯ ಸಂಬಳಕ್ಕೆ ಎಲ್ಲರೂ ದುಡ್ಡು ಕಟ್ಟಬೇಕಿತ್ತು, ಆ ಚರ್ಚಿಗೆ ಕಾಲಿಡದವರೂ ಸಹ. ಕನೆಕ್ಟಿಕಟ್‌ನ ನಾರ್ವಿಚ್‌ನಲ್ಲಿ ಎಲಿಜಬೆತ್ ಬ್ಯಾಕಸ್ ಎಂಬ ವಿಧವೆ ಕಟ್ಟಲ್ಲ ಅಂದಳು. 1752ರ ಅಕ್ಟೋಬರ್, ಮಳೆ ಸುರಿಯುವ ಕತ್ತಲ ರಾತ್ರಿ ಒಂಬತ್ತು ಗಂಟೆಗೆ ವಸೂಲಿಯವರು ಬಂದು ಎಳೆದೊಯ್ದರು. ಹದಿಮೂರು ದಿನ ಜೈಲು. ಅವಳ ಮಗ ಐಸಾಕ್ ಬ್ಯಾಕಸ್ ಮುಂದೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ, ಜೀವನಪೂರ್ತಿ ಈ ತೆರಿಗೆ ವಿರುದ್ಧ ಗುದ್ದಾಡಿದ. ಆಶ್ಚರ್ಯ ಏನಿಲ್ಲ ಅಲ್ವಾ?

ವರ್ಜೀನಿಯಾದಲ್ಲಿ ಕಥೆ ಇನ್ನೊಂದು ಥರ. ಅಲ್ಲಿ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚು, ಬ್ಯಾಪ್ಟಿಸ್ಟ್ ಬೋಧಕರು ಜೈಲಿಗೆ. ಪಕ್ಕದ ಕೌಂಟಿಯಲ್ಲಿ ಐದಾರು ಜನ ಹೀಗೆ ಒಳಗಿದ್ದಾರೆ ಅಂತ 1774ರಲ್ಲಿ ಗೆಳೆಯನಿಗೆ ಸಿಟ್ಟಿನಲ್ಲಿ ಬರೆದ ಹುಡುಗನ ಹೆಸರು ಜೇಮ್ಸ್ ಮ್ಯಾಡಿಸನ್, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಹತ್ತು ವರ್ಷದ ನಂತರ ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ ಒಂದು ಜಾಣ ಮಸೂದೆ ತಂದ: ಒಂದೇ ಚರ್ಚಿಗೆ ಬೇಡ, ತೆರಿಗೆ ಕಟ್ಟಿ, ಯಾವ ಕ್ರೈಸ್ತ ಬೋಧಕನಿಗೆ ಹೋಗಬೇಕು ಅಂತ ನೀವೇ ಹೇಳಿ. ಬ್ಯಾಪ್ಟಿಸ್ಟರು ತಮಗೂ ಪಾಲು ಸಿಗುತ್ತಲ್ಲ ಅಂತ ಒಪ್ಪಬಹುದಿತ್ತು. ಒಪ್ಪಲಿಲ್ಲ. ರಾಶಿಗಟ್ಟಲೆ ಅರ್ಜಿ ಹಾಕಿದರು, ಮಸೂದೆ ಬಿದ್ದುಹೋಯಿತು. 1786ರ ಜನವರಿಯಲ್ಲಿ ಮ್ಯಾಡಿಸನ್, ಜೆಫರ್ಸನ್ ಹಿಂದೆಯೇ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾನೂನನ್ನು ಪಾಸು ಮಾಡಿಸಿದ. ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿದ್ದ.

1791ರಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ಸರ್ಕಾರಿ ಧರ್ಮ ಅಂತ ಒಂದನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಮಾಡುವಂತಿಲ್ಲ. ಗಮನಿಸಿ, ಕಾಂಗ್ರೆಸ್ ಮಾತ್ರ. ರಾಜ್ಯಗಳ ಕೈ ಕಟ್ಟಿರಲಿಲ್ಲ. ಹಾಗಾಗಿ ಡ್ಯಾನ್‌ಬರಿಯವರಿಗೆ ಗೋಡೆಯಿಂದ ತಕ್ಷಣಕ್ಕೆ ಏನೂ ಸಿಗಲಿಲ್ಲ. ನಾನು ಬ್ಯಾಪ್ಟಿಸ್ಟ್, ನನ್ನ ಚರ್ಚು ಬೇರೆ ಅಂತ ಚೀಟಿ ತಂದು ಕೊಟ್ಟರೆ ಮಾತ್ರ ತೆರಿಗೆ ಮಾಫಿ. ಅವರು ಮೊದಲು ಜೆಫರ್ಸನ್‌ಗೆ ಬರೆದಿದ್ದ ದೂರೂ ಇದೇ ಆಗಿತ್ತು: ನಮಗಿರುವ ಸ್ವಾತಂತ್ರ್ಯ ನಮ್ಮ ರಾಜ್ಯ ದಯೆಯಿಂದ ಕೊಟ್ಟಿದ್ದು ಅನ್ನೋ ಥರ ಇದೆ, ನಮ್ಮ ಹಕ್ಕು ಅನ್ನೋ ಥರ ಇಲ್ಲ.

ಚೀಸ್ ಬಂದ ಎರಡು ದಿನಕ್ಕೆ ಲೆಲೆಂಡ್ ಸಂಸತ್ತಿನ ಸಭಾಂಗಣದಲ್ಲೇ ಪ್ರವಚನ ಮಾಡಿದ. ಗೋಡೆಯ ಮಾತು ಬರೆದ ಜೆಫರ್ಸನ್ ಎದುರಿಗೆ ಕೂತು ಕೇಳಿದ! ಚೀಸ್ ಪುಕ್ಕಟೆ ಬೇಡ ಅಂತ 200 ಡಾಲರ್ ಕೊಟ್ಟೂ ಕಳಿಸಿದ. ಕನೆಕ್ಟಿಕಟ್‌ನಲ್ಲಿ ಚರ್ಚಿನ ತೆರಿಗೆ ಹೋಗಲು 1818 ಬರಬೇಕಾಯಿತು. ಲೆಲೆಂಡ್‌ನ ಮ್ಯಾಸಚೂಸೆಟ್ಸ್ ಎಲ್ಲರಿಗಿಂತ ಕೊನೆ, 1833. ಅಷ್ಟೊತ್ತಿಗೆ ಅವನಿಗೆ 79 ವರ್ಷ.