ಅರೆಬಾಗಿಲ ಮೇಲೆ ಊರಿದ ಕೈ

ಹಾಲೆಂಡಿನ ಹಳೆಯ ಮನೆಗಳ ಎಷ್ಟೋ ಬಾಗಿಲುಗಳನ್ನು ನಡುವೆ ಅಡ್ಡಕ್ಕೆ ಕೊಯ್ದು ಎರಡು ಮಾಡಿರುತ್ತಿದ್ದರು. ಮೇಲಿನದು ತೆರೆದರೆ ಬೆಳಕು, ಗಾಳಿ ಒಳಗೆ. ಕೆಳಗಿನದು ಮುಚ್ಚಿದ್ದರೆ ಕೋಳಿ ಹೊರಗೆ, ಅಂಬೆಗಾಲಿಡುವ ಕೂಸು ಒಳಗೆ. ಚಿತ್ರಕಾರರಿಗೆ ಮಾತ್ರ ಇದಕ್ಕಿಂತ ಹೆಚ್ಚು ಒದಗಿದ್ದು ಕೆಳಬಾಗಿಲಿನ ಮೇಲಂಚು, ಏಕೆಂದರೆ ಅಲ್ಲಿ ಕೈ ಊರಬಹುದು.

ಡಚ್ ಚಿತ್ರಕಾರ ರೆಂಬ್ರಾಂಟ್ 1632ರಲ್ಲಿ ಮಾಡಿದ ಇಲಿ ಹಿಡಿಯುವವನ ಎಚ್ಚಿಂಗ್ (ತಗಡಿನ ಮೇಲೆ ಕೊರೆದು ತೆಗೆದ ಅಚ್ಚುಚಿತ್ರ) ನೋಡಿ. ಅರೆಬಾಗಿಲ ಹಿಂದಿನ ಮುದುಕ ಮುಖ ತಿರುಗಿಸಿ, ಕೈಯಿಂದ ‘ಬೇಡ’ ಎಂದು ತಳ್ಳುತ್ತಾನೆ. 1648ರ ಭಿಕ್ಷುಕರ ಎಚ್ಚಿಂಗ್‌ನಲ್ಲೂ ಅರೆಬಾಗಿಲೇ, ಅದನ್ನು ದಾಟಿ ಬಂದ ಕೈಯೇ. ಆದರೆ ಆ ಕೈ ನಾಣ್ಯ ಕೊಡುತ್ತಿದೆ. ಶಿಕಾಗೊದಲ್ಲಿರುವ 1645ರ ವರ್ಣಚಿತ್ರದಲ್ಲಿ ಯುವತಿಯೊಬ್ಬಳು ಅರೆಬಾಗಿಲ ಬಳಿ ನಿಂತಿದ್ದಾಳೆ, ಹೊರಗೆ ಯಾರೂ ಇಲ್ಲ. ಹಾಗಾಗಿ ಹೊರಗಿನವರ ಜಾಗದಲ್ಲಿ ನೋಡುಗರೇ ನಿಂತಂತಾಗುತ್ತದೆ. (ಇದರಲ್ಲಿ ಶಿಷ್ಯ ಹೋಖ್‌ಸ್ಟ್ರಾಟನ್‌ನ ಕೈ ಎಷ್ಟು ಎಂಬ ಚರ್ಚೆ ಬೇರೆಯೇ ಇದೆ.)

ಚಿತ್ರದಲ್ಲಿರುವುದು ಬಾಗಿಲೋ ಕಿಟಕಿಯೋ ಎಂಬ ಅನುಮಾನ ಬಂದರೆ ಮೊದಲು ಮೊಣಕೈ ನೋಡಿ. ನಿಂತವರ ಮೊಣಕೈ ಮಟ್ಟದಲ್ಲಿ ಅಂಚಿದ್ದು, ಪಕ್ಕದ ಚೌಕಟ್ಟು ಅದರ ಕೆಳಗೂ ಇಳಿದಿದ್ದರೆ ಬಾಗಿಲು. ಎಚ್ಚಿಂಗ್‌ನಲ್ಲಿ ತಿರುಗಣೆ (ಹಿಂಜ್) ಯಾವ ಕಡೆಗಿದೆ ಎಂದು ಮಾತ್ರ ವಾದ ಹೂಡಬೇಡಿ. ತಗಡಿನ ಮೇಲೆ ಕೊರೆದದ್ದು ಅಚ್ಚಿನಲ್ಲಿ ಎಡಬಲ ಮಗುಚುತ್ತದೆ.

ಇಂಥ ಬಾಗಿಲು ಮಾಡಿಸುವವರು ಸಾಮಾನ್ಯವಾಗಿ ಎಡವುವುದು ತೂಕದ ಲೆಕ್ಕದಲ್ಲಿ. ಅರ್ಧ ಬಾಗಿಲು, ಅರ್ಧ ಭಾರ, ಸಣ್ಣ ತಿರುಗಣೆ ಸಾಕು ಅಂದುಕೊಳ್ಳುತ್ತಾರೆ. 90 ಸೆಂ.ಮೀ. ಅಗಲ, 40 ಕೆ.ಜಿ. ತೂಕದ ಇಡೀ ಬಾಗಿಲಿಗೆ ಮೇಲಿನ ಮತ್ತು ಕೆಳಗಿನ ತಿರುಗಣೆಗಳ ನಡುವೆ 150 ಸೆಂ.ಮೀ. ಅಂತರವಿದ್ದರೆ, ಮೇಲಿನದರ ಮೇಲೆ ಬೀಳುವ ಅಡ್ಡ ಎಳೆತ ಸುಮಾರು 12 ಕೆ.ಜಿ. ಅದನ್ನೇ ಎರಡು ಮಾಡಿ 20 ಕೆ.ಜಿ.ಯ ತುಂಡಿಗೆ 60 ಸೆಂ.ಮೀ. ಅಂತರ ಕೊಟ್ಟರೆ ಎಳೆತ 15 ಕೆ.ಜಿ.! ಭಾರ ಇಳಿದರೂ ಎಳೆತ ಏರಿತು. ಅದರ ಮೇಲೆ ಜನ ಒರಗುವುದೂ ಸೇರಿದರೆ ಸ್ಕ್ರೂ ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ. ಹಲಗೆ ಬಾಗಿಲಾದರೆ ಓರೆಪಟ್ಟಿ ತಿರುಗಣೆಯ ಕಡೆ ಕೆಳಮೂಲೆಯಿಂದ ಚಿಲಕದ ಕಡೆ ಮೇಲ್ಮೂಲೆಗೆ ಏರಬೇಕು. ಆಗ ಭಾರ ಪಟ್ಟಿಯನ್ನು ಒತ್ತುತ್ತದೆ. ತಿರುಗಾಮುರುಗಾ ಹಾಕಿದರೆ ಎಳೆಯುತ್ತದೆ, ಮೊಳೆ ಕೀಳುತ್ತದೆ.

ನಾಲ್ಕೂ ತಿರುಗಣೆಗಳು ಒಂದೇ ತೂಗುಗುಂಡಿನ ಗೆರೆಯಲ್ಲಿರಲಿ. ಇಲ್ಲದಿದ್ದರೆ ಎರಡನ್ನೂ ಕೂಡಿಸಿ ತೆರೆದಾಗ ಒಂದು ಇನ್ನೊಂದನ್ನು ಹಿಡಿಯುತ್ತದೆ. ಎರಡು ಭಾಗ ಸೇರುವಲ್ಲಿ 12ರಿಂದ 15 ಮಿ.ಮೀ. ಮೇಲುಹೊದಿಕೆ ಬೇಕು. ಬಾಗಿಲು ಹೊರಕ್ಕೆ ತೆರೆಯುವುದಾದರೆ ಮೇಲಿನ ಭಾಗದ ತುಟಿ, ಅಂದರೆ ಕೆಳಗಿನದನ್ನು ಹೊದಿಯುವ ಅಂಚು, ಹೊರಗಡೆ ಇಳಿಯಲಿ, ಮಳೆಯೂ ನಿಲ್ಲುತ್ತದೆ. ಒಳಕ್ಕೆ ತೆರೆಯುವುದಾದರೆ ಆ ತುಟಿ ಒಳಗಡೆಗೇ ಇರಬೇಕು, ಹೊರಗಿಟ್ಟರೆ ಮೇಲಿನದು ಒಂಟಿಯಾಗಿ ತೆರೆಯುವುದೇ ಇಲ್ಲ. ಆಗ ನೀರು ತಡೆಯಲು ಸಂದಿನ ಮೇಲೆ ಹೊರಗೆ ಚಾಚಿದ ಪಟ್ಟಿಯೊಂದನ್ನು ಬೇರೆಯಾಗಿ ಹೊಡೆಯಬೇಕು.

ಕೆಳಬಾಗಿಲಿಗೆ ತನ್ನದೇ ಚಿಲಕವೂ ಇರಲಿ. ಅದನ್ನು ಆದಷ್ಟು ಕೆಳಗೆ ಹಾಕಿಸಿ: ಹೊರಗೆ ನಿಂತವರು ಬಗ್ಗಿ ಕೈ ಇಳಿಬಿಟ್ಟರೂ ಎಟುಕಬಾರದು.